ಕ್ರಿಯಾಟಿನಿನ್ 0.9 ಇದ್ದೂ ಸೋಸುವಿಕೆ 25: ಒಂದು ಪ್ರಕರಣ ಅಧ್ಯಯನ

ರೋಗಿಯ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಅಂಕಿಗಳು ಮಾತ್ರ ಒಂದಕ್ಕೊಂದು ತಾಳೆಯಾಗುವಂತಿವೆ; ಓದುವವರು ಕ್ಯಾಲ್ಕ್ಯುಲೇಟರ್ ಹಿಡಿದು ಪರೀಕ್ಷಿಸಬಹುದು.

ಹಿನ್ನೆಲೆ

72 ವರ್ಷದ ಮಹಿಳೆ. ತೂಕ 42 ಕೆ.ಜಿ., ಎತ್ತರ 150 ಸೆಂ.ಮೀ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ಬಿಪಿ. ಏಳು ತಿಂಗಳ ಹಿಂದೆ ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಅಲ್ಲಿಂದೀಚೆಗೆ ನಡಿಗೆ ಎಂದರೆ ವಾಕರ್ ಹಿಡಿದು ಹಾಸಿಗೆಯಿಂದ ಬಚ್ಚಲುಮನೆಗೆ, ಅಷ್ಟೇ. ಒಂಬತ್ತು ಕೆ.ಜಿ. ಇಳಿದಿದ್ದರು. ಇಳಿದದ್ದರಲ್ಲಿ ಹೆಚ್ಚಿನ ಪಾಲು ತೊಡೆ ಮತ್ತು ಪೃಷ್ಠದ ಸ್ನಾಯು ಎಂಬುದು ನೋಡಿದರೇ ತಿಳಿಯುತ್ತಿತ್ತು.

ಅಂಗಾಲು ಉರಿಗೆ ಗಾಬಾಪೆಂಟಿನ್ ದಿನಕ್ಕೆ 900 ಮಿ.ಗ್ರಾಂ ನಡೆಯುತ್ತಿತ್ತು. ಉರಿ ತಗ್ಗಲಿಲ್ಲವೆಂದು ಎರಡು ವಾರದ ಹಿಂದೆ ಅದನ್ನು 600ರಂತೆ ಮೂರು ಹೊತ್ತು, ಒಟ್ಟು 1800 ಮಿ.ಗ್ರಾಂ ಮಾಡಲಾಯಿತು. ಏರಿಸುವ ಮುನ್ನ ಕಿಡ್ನಿ ನೋಡಿರಲಿಲ್ಲ ಎನ್ನುವಂತಿಲ್ಲ. ಸೀರಂ ಕ್ರಿಯಾಟಿನಿನ್ (ಸ್ನಾಯುವಿನಲ್ಲಿ ಹುಟ್ಟಿ ಕಿಡ್ನಿಯ ಮೂಲಕ ಹೊರಹೋಗುವ ವಸ್ತುವಿನ ರಕ್ತದ ಮಟ್ಟ) ಮಾಡಿಸಿದ್ದರು, 0.9 ಮಿ.ಗ್ರಾಂ/ಡೆ.ಲೀ. ಬಂದಿತ್ತು. ವರದಿಯಲ್ಲಿ ಹೆಂಗಸರಿಗೆ ಕೊಟ್ಟ ಮಿತಿ 0.6ರಿಂದ 1.1. ಪಕ್ಕದಲ್ಲಿ ಯಂತ್ರವೇ ಮುದ್ರಿಸಿದ ಇಜಿಎಫ್‌ಆರ್, ಎಂದರೆ ಕಿಡ್ನಿಯ ಸೋಸುವಿಕೆಯ ಅಂದಾಜು, 68. ದಪ್ಪಕ್ಷರವಿಲ್ಲ, ಬಾಣದ ಗುರುತಿಲ್ಲ. ಇಂಥ ವರದಿಯನ್ನು ಯಾರಾದರೂ ಮಡಚಿ ಫೈಲಿಗೆ ಸೇರಿಸುತ್ತಾರೆ.

ಸಮಸ್ಯೆ

ಡೋಸ್ ಏರಿಸಿದ ಐದಾರು ದಿನಕ್ಕೆ ತೂಕಡಿಕೆ ಶುರುವಾಯಿತು. ಆಮೇಲೆ ಎದ್ದು ನಿಂತರೆ ತೂರಾಟ. ಕೊನೆಗೆ ಕೈಗಳು ಇದ್ದಕ್ಕಿದ್ದಂತೆ ಝಾಡಿಸಿದ ಹಾಗೆ ಎಗರತೊಡಗಿದವು. ತುಟಿಯ ಹತ್ತಿರ ಬಂದ ಚಮಚ ಒಮ್ಮೆಗೇ ಚಿಮ್ಮಿ ಹೊದಿಕೆಯ ಮೇಲೆ ಬೀಳುತ್ತಿತ್ತು. ಮನೆಯವರು ಪಾರ್ಶ್ವವಾಯು ಎಂದು ಹೆದರಿ ಕರೆತಂದರು.

ಮೆದುಳಿನ ಸಿ.ಟಿ. ಸ್ಕ್ಯಾನಿನಲ್ಲಿ ಹೊಸದೇನೂ ಇರಲಿಲ್ಲ. ಸೋಡಿಯಂ, ಸಕ್ಕರೆ, ಕ್ಯಾಲ್ಸಿಯಂ ಸರಿಯಿದ್ದವು. ಜ್ವರವಿರಲಿಲ್ಲ. ತೂಕಡಿಕೆ, ತೂರಾಟ, ಕೈ ಎಗರುವುದು ಮೂರೂ ಒಟ್ಟಿಗೆ ಬಂದರೆ ಗಾಬಾಪೆಂಟಿನ್ ದೇಹದಲ್ಲಿ ತುಂಬಿಕೊಂಡಿರುವ ಅನುಮಾನ ಮೊದಲು ಬರಬೇಕು. ಈ ಔಷಧಿಯನ್ನು ಲಿವರ್ ಮುಟ್ಟುವುದೇ ಇಲ್ಲ. ಅದು ಹಾಗೆಹಾಗೆಯೇ ಮೂತ್ರದಲ್ಲಿ ಹೊರಬೀಳಬೇಕು. ಕಿಡ್ನಿ ಸರಿಯಿದ್ದವರಲ್ಲಿ ಅದರ ಅರ್ಧಾಯು, ಎಂದರೆ ರಕ್ತದಲ್ಲಿನ ಮಟ್ಟ ಅರ್ಧಕ್ಕಿಳಿಯಲು ಬೇಕಾದ ಸಮಯ, 5ರಿಂದ 7 ಗಂಟೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತದ್ರವದಿಂದ ಕ್ರಿಯಾಟಿನಿನ್ ತೆಗೆದುಹಾಕುತ್ತದೆ ಎಂಬ ಅಳತೆ) ನಿಮಿಷಕ್ಕೆ 30 ಮಿ.ಲೀ.ಗಿಂತ ಕೆಳಗಿಳಿದವರಲ್ಲಿ ಸರಾಸರಿ 52 ಗಂಟೆಯವರೆಗೂ ಹೋಗುತ್ತದೆ. ಅಂಥವರಿಗೆ ದಿನಕ್ಕೆ ಮೂರು ಸಲ ಕೊಟ್ಟರೆ ಹಿಂದಿನ ಗುಳಿಗೆ ಕರಗುವ ಮೊದಲೇ ಮುಂದಿನದು ಬಂದು ಸೇರುತ್ತದೆ.

ಆದರೆ ವರದಿಯಲ್ಲಿ ಕಿಡ್ನಿ ಚೆನ್ನಾಗಿಯೇ ಇದೆಯಲ್ಲ? ತಂಡ ಬಿಡಿಸಬೇಕಾಗಿದ್ದ ಪ್ರಶ್ನೆ ಇದೊಂದೇ.

ಸೋಸುವಿಕೆ ಬೇರೆ, ಕ್ಲಿಯರೆನ್ಸ್ ಬೇರೆ

ಮುಂದಿನ ಲೆಕ್ಕಗಳು ಅರ್ಥವಾಗಲು ಒಂದೆರಡು ಸಂಗತಿಗಳನ್ನು ಇಲ್ಲೇ ಹೇಳಬೇಕು. ಆರೋಗ್ಯವಂತ ವಯಸ್ಕರ ಕಿಡ್ನಿಗಳಿಗೆ ನಿಮಿಷಕ್ಕೆ ಸುಮಾರು 600 ಮಿ.ಲೀ. ಪ್ಲಾಸ್ಮಾ (ರಕ್ತದ ದ್ರವ ಭಾಗ) ಬರುತ್ತದೆ. ಅದರ ಐದನೇ ಒಂದು ಭಾಗ, ಎಂದರೆ 120 ಮಿ.ಲೀ. ಆಸುಪಾಸು, ಗ್ಲಾಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳ ಜಾಲರಿ ದಾಟಿ, ಮೂತ್ರ ತಯಾರಾಗುವ ಸಣ್ಣ ನಾಳಿಕೆಗಿಳಿಯುತ್ತದೆ. ದಿನಕ್ಕೆ ಹೆಚ್ಚುಕಡಿಮೆ 170–180 ಲೀಟರ್. ಜಿಎಫ್‌ಆರ್ ಎಂದರೆ ಇದೇ. ಹೀಗೆ ಸೋಸಿದ್ದರಲ್ಲಿ ಶೇ. 99ರಷ್ಟು ನೀರನ್ನು ನಾಳಿಕೆಗಳು ಮತ್ತೆ ಹೀರಿಕೊಳ್ಳುವುದರಿಂದ ಮೂತ್ರದ ಪ್ರಮಾಣ ನೋಡಿ ಸೋಸುವಿಕೆಯನ್ನು ಹೇಳಲಾಗದು. ಜಾಲರಿಯ ಬಳಿ ಮೀಟರ್ ಇಟ್ಟು ಅಳೆಯುವಂತೆಯೂ ಇಲ್ಲ. ಹಾಗಾಗಿ ರಕ್ತದಲ್ಲಿರುವ ಯಾವುದಾದರೂ ಒಂದು ವಸ್ತುವಿನ ಬೆನ್ನು ಹತ್ತಬೇಕು.

ಅದರ ಲೆಕ್ಕ ಸರಳ:

ಕ್ಲಿಯರೆನ್ಸ್ = (ಮೂತ್ರದಲ್ಲಿನ ಸಾಂದ್ರತೆ × ಮೂತ್ರದ ಪ್ರಮಾಣ) ÷ (ಪ್ಲಾಸ್ಮಾದಲ್ಲಿನ ಸಾಂದ್ರತೆ × ನಿಮಿಷಗಳು)

ಯಾವುದೇ ವಸ್ತುವಿಗೂ ಈ ಲೆಕ್ಕ ಮಾಡಬಹುದು. ಬಂದ ಉತ್ತರ ಜಿಎಫ್‌ಆರ್‌ಗೆ ಸಮವಾಗಬೇಕಾದರೆ ಆ ವಸ್ತು ಜಾಲರಿಯನ್ನು ತಡೆಯಿಲ್ಲದೆ ದಾಟಬೇಕು, ನಾಳಿಕೆ ಅದನ್ನು ವಾಪಸ್ ಹೀರಬಾರದು, ತನ್ನ ಕಡೆಯಿಂದ ಸೇರಿಸಲೂ ಬಾರದು. ಹೊರಗಿನಿಂದ ಕೊಡುವ ಇನುಲಿನ್ ಎಂಬ ಸಸ್ಯಮೂಲದ ವಸ್ತು (ಇನ್ಸುಲಿನ್ ಅಲ್ಲ) ಮೂರನ್ನೂ ಪಾಲಿಸುತ್ತದೆ. ಸ್ನಾಯುವಿನ ಕ್ರಿಯಾಟಿನ್‌ನಿಂದ ದಿನವೂ ತಾನಾಗಿ ಹುಟ್ಟುವ ಕ್ರಿಯಾಟಿನಿನ್ ಮೊದಲ ಎರಡನ್ನು ಪಾಲಿಸಿ ಮೂರನೆಯದರಲ್ಲಿ ತಪ್ಪುತ್ತದೆ. ಅದರ ಅಣುತೂಕ 113 ಮಾತ್ರ, ಜಾಲರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಸೋಸದೆ ಉಳಿದ ರಕ್ತ ನಾಳಿಕೆಯ ಮೊದಲ ಭಾಗದ ಸುತ್ತ ಹರಿಯುವಾಗ ಅಲ್ಲಿನ ಜೀವಕೋಶಗಳು ಇನ್ನಷ್ಟು ಕ್ರಿಯಾಟಿನಿನ್ ಎಳೆದು ಮೂತ್ರದ ಕಡೆಗೆ ಸ್ರವಿಸುತ್ತವೆ. ರಕ್ತದ ಬದಿಯಿಂದ ಒಳಗೆಳೆಯುವ ಮುಖ್ಯ ಪ್ರೋಟೀನು ಓಸಿಟಿ2. ನಾಳಿಕೆಯತ್ತ ದಾಟಿಸುವುದು ಮೇಟ್1 ಮತ್ತು ಮೇಟ್2-ಕೆ.

ಆದ್ದರಿಂದ ಕ್ರಿಯಾಟಿನಿನ್ ಕ್ಲಿಯರೆನ್ಸ್ ಎಂದರೆ ಸೋಸಿದ್ದು ಮತ್ತು ಸ್ರವಿಸಿದ್ದು ಎರಡರ ಮೊತ್ತ. ಅದು ಯಾವಾಗಲೂ ಜಿಎಫ್‌ಆರ್‌ಗಿಂತ ಮೇಲಿರುತ್ತದೆ. ಕಿಡ್ನಿ ಚೆನ್ನಾಗಿದ್ದಾಗ ಸ್ರವಿಕೆಯ ಪಾಲು ಶೇ. 10–20; ಸೋಸುವಿಕೆ ಕುಸಿದ ಹಾಗೆ ಆ ಪಾಲು ಬೆಳೆಯುತ್ತದೆ. ಅಂದರೆ ಈ ಪರೀಕ್ಷೆ ಹೆಚ್ಚು ತಪ್ಪು ಹೇಳುವುದು ಕಾಯಿಲೆಯಿರುವ ಕಿಡ್ನಿಯಲ್ಲೇ.

ಇದು ಸ್ರವಿಕೆಯ ಕಡೆಯ ತೊಡಕು. ಇನ್ನೊಂದು ತೊಡಕು ಉತ್ಪಾದನೆಯ ಕಡೆ. ತೊಟ್ಟಿಗೆ ಬೀಳುವ ನೀರೇ ಸಣ್ಣದಾದರೆ ತಳದ ತೂಬು ಅರ್ಧ ಕಟ್ಟಿಕೊಂಡಿದ್ದರೂ ಮಟ್ಟ ಏರುವುದಿಲ್ಲ. 0.9 ಎಂಬುದು ಮಟ್ಟ ಮಾತ್ರ. ಸ್ನಾಯು ದಿನಕ್ಕೆ ಎಷ್ಟು ಸುರಿಯುತ್ತಿದೆ ಎಂದು ಗೊತ್ತಿಲ್ಲದೆ ಅದರಿಂದ ತೂಬಿನ ಸ್ಥಿತಿ ತಿಳಿಯದು.

ಮೊದಲ ಸಂಗ್ರಹ

ತಂಡ ಮೊದಲು ಎರಡು ಅಂದಾಜು ಹಾಕಿತು. ಕ್ರಿಯಾಟಿನಿನ್, ವಯಸ್ಸು, ಲಿಂಗ ನೋಡಿ ಸೋಸುವಿಕೆ ಅಂದಾಜಿಸುವ 2021ರ ಸಿಕೆಡಿ-ಇಪಿಐ ಸೂತ್ರದಿಂದ ವರದಿಯಲ್ಲಿ ಬಂದ 68 ಎಂಬುದು 1.73 ಚದರ ಮೀಟರ್ ಮೈ ವಿಸ್ತೀರ್ಣದವರಿಗೆ. ಇವರ ವಿಸ್ತೀರ್ಣ 1.32. ಔಷಧಿಯ ಡೋಸ್ ನಿರ್ಧರಿಸುವಾಗ ರೋಗಿಯ ಸ್ವಂತ ಮೈಗೆ ಇಳಿಸಿಕೊಳ್ಳಬೇಕು: 68 × 1.32 ÷ 1.73, ಸುಮಾರು 52 ಮಿ.ಲೀ. ಕ್ರಿಯಾಟಿನಿನ್ ಕ್ಲಿಯರೆನ್ಸ್ ಅಂದಾಜಿಸುವ 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ (140 − 72) × 42 ÷ (72 × 0.9) × 0.85, ಅಂದರೆ 37.5 ಮಿ.ಲೀ. ಒಂದು 52, ಇನ್ನೊಂದು 37. ಯಾವುದನ್ನು ನಂಬುವುದು ಎಂದು ತೀರ್ಮಾನಿಸಲು 24 ಗಂಟೆಯ ಮೂತ್ರ ಸಂಗ್ರಹಿಸಲು ಹೇಳಲಾಯಿತು. ತೀರ್ಮಾನ ಸರಿಯಾದದ್ದೇ. ಎಡವಿದ್ದು ಅದನ್ನು ಮಾಡಿಸಿದ ರೀತಿಯಲ್ಲಿ.

ಫಲಿತಾಂಶ: ಪ್ರಮಾಣ 2050 ಮಿ.ಲೀ., ಮೂತ್ರದ ಕ್ರಿಯಾಟಿನಿನ್ 32 ಮಿ.ಗ್ರಾಂ/ಡೆ.ಲೀ., ಒಟ್ಟು 656 ಮಿ.ಗ್ರಾಂ. ಕ್ಲಿಯರೆನ್ಸ್ = 32 × 2050 ÷ (0.9 × 1440), ಸುಮಾರು 51 ಮಿ.ಲೀ.

51 ಮತ್ತು 52. ಅಳೆದದ್ದೂ ಅಂದಾಜೂ ತಾಳೆಯಾದವು ಎಂದು ಎಲ್ಲರಿಗೂ ನೆಮ್ಮದಿ. ಕ್ಲಿಯರೆನ್ಸ್ 30ರಿಂದ 59 ಇರುವವರಿಗೆ ಗಾಬಾಪೆಂಟಿನ್ ದಿನಕ್ಕೆ 400ರಿಂದ 1400 ಮಿ.ಗ್ರಾಂ. ಹಾಗಾಗಿ 1800ನ್ನು 1200ಕ್ಕೆ ಇಳಿಸಿ ಕಾದರು. ಐದು ದಿನ ಕಳೆದರೂ ತೂಕಡಿಕೆ ಅಷ್ಟಕ್ಕಷ್ಟೆ ತಗ್ಗಿತು. ಕೈ ಎಗರುವುದು ನಿಲ್ಲಲಿಲ್ಲ.

ಎರಡು ಅಂಕಿಗಳು ಕೂಡಿಬಂದರೆ ಎರಡೂ ಸರಿ ಎಂದುಕೊಳ್ಳುವುದು ಸಹಜ. ಇಲ್ಲಿ ಎರಡೂ ತಪ್ಪಾಗಿದ್ದವು, ಬೇರೆಬೇರೆ ಕಾರಣಕ್ಕೆ, ಒಂದೇ ದಿಕ್ಕಿಗೆ. ಒಂದರಲ್ಲಿ ಸ್ನಾಯು ಸಾಮಾನ್ಯವಾಗಿದೆ ಎಂಬ ಊಹೆ ಅಡಗಿತ್ತು; ಇನ್ನೊಂದರಲ್ಲಿ ಮೂತ್ರ 24 ಗಂಟೆಯದು ಎಂಬ ಊಹೆ.

656 ಮಿ.ಗ್ರಾಂ ಎಲ್ಲಿಂದ ಬಂತು

ಇದನ್ನು ಹಿಡಿದವರು ಔಷಧಿ ವಿಭಾಗದ ಫಾರ್ಮಸಿಸ್ಟ್. ಕ್ಲಿಯರೆನ್ಸ್ ನೋಡುವ ಮೊದಲು ಅವರು ಒಟ್ಟು ಕ್ರಿಯಾಟಿನಿನ್ನನ್ನು ತೂಕದಿಂದ ಭಾಗಿಸಿದರು: 656 ÷ 42 = ಕೆ.ಜಿ.ಗೆ 15.6 ಮಿ.ಗ್ರಾಂ. ಹೆಂಗಸರಿಗೆ ದಿನಕ್ಕೆ ಕೆ.ಜಿ.ಗೆ 15ರಿಂದ 20 ಎಂದು ಪಠ್ಯಗಳು ಹೇಳುವುದರಿಂದ 15.6 ಸರಿಯಾಗಿಯೇ ಕಾಣುತ್ತದೆ. ಆದರೆ ಆ ಮಿತಿ ಯೌವನದಲ್ಲಿ, ಓಡಾಡಿಕೊಂಡಿರುವ ಹೆಂಗಸರದು. ವಯಸ್ಸಾದಂತೆ ಅದು ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದ ಹೊಟ್ಟೆಯಲ್ಲೇ ಇದೆ. ಆ ಸೂತ್ರದ ಮೇಲಿನ ಭಾಗ ಬೇರೇನೂ ಅಲ್ಲ, ದಿನದ ಕ್ರಿಯಾಟಿನಿನ್ ಉತ್ಪಾದನೆಯ ಅಂದಾಜು. ಘಟಕಗಳನ್ನು ಬಿಡಿಸಿದರೆ ಅದು ಗಂಡಸರಿಗೆ ಕೆ.ಜಿ.ಗೆ (28 − 0.2 × ವಯಸ್ಸು) ಮಿ.ಗ್ರಾಂ; ಹೆಂಗಸರಿಗೆ ಅದರ ಶೇ. 85. ಈ ರೋಗಿಗೆ 11.6. ಅದೂ ಅವರ ವಯಸ್ಸಿನ ಸಾಮಾನ್ಯರಿಗೆ. ಏಳು ತಿಂಗಳು ಹಾಸಿಗೆ ಹಿಡಿದವರಲ್ಲಿ ಇನ್ನೂ ಕಡಿಮೆಯಿರಬೇಕು. 15.6 ಬರಲು ಸಾಧ್ಯವೇ ಇಲ್ಲ.

ಕ್ಯಾನನ್ನು ತಂದವರನ್ನು ವಿಚಾರಿಸಿದಾಗ ಬಿಚ್ಚಿಕೊಂಡದ್ದು ಇಷ್ಟು. ಬೆಳಗ್ಗೆ ಆರಕ್ಕೆ ಎದ್ದಾಗಿನ ಮೊದಲ ಮೂತ್ರವನ್ನು ಚೆಲ್ಲಬೇಕಿತ್ತು. ಅದನ್ನೇ ಕ್ಯಾನಿಗೆ ಮೊದಲು ಹಾಕಿದ್ದರು. ಅದು ಹಿಂದಿನ ರಾತ್ರಿ ಒಂಬತ್ತೂವರೆಯಿಂದ ಮೂತ್ರಕೋಶದಲ್ಲಿ ಸೇರಿದ್ದು. ಮರುದಿನ ಆರಕ್ಕೆ ಮುಗಿಸುವ ಬದಲು ಲ್ಯಾಬಿಗೆ ಹೊರಡುವ ತನಕ, ಹನ್ನೊಂದರವರೆಗೂ ಸೇರಿಸುತ್ತಲೇ ಇದ್ದರು. 24 ಗಂಟೆಯದೆಂದು ಲೆಕ್ಕ ಹಾಕಿದ ಕ್ಯಾನಿನಲ್ಲಿ ಮೂವತ್ತೇಳೂವರೆ ಗಂಟೆಯ ಮೂತ್ರವಿತ್ತು. ಕ್ಯಾನಿನ ಮೇಲೆ ಹೆಸರು, ದಿನಾಂಕ ಎಲ್ಲ ಇತ್ತು. ಶುರು ಮತ್ತು ಮುಕ್ತಾಯದ ಸಮಯಕ್ಕೆ ಜಾಗವೇ ಇರಲಿಲ್ಲ. ಮನೆಯವರದ್ದೇನೂ ತಪ್ಪಿಲ್ಲ. "ನಾಳೆ ಬೆಳಗ್ಗೆಯಿಂದ ನಾಡಿದ್ದು ಬೆಳಗಿನವರೆಗೆ" ಎಂದಷ್ಟೇ ಹೇಳಿದರೆ ಯಾರು ಬೇಕಾದರೂ ಹೀಗೇ ಮಾಡುತ್ತಾರೆ.

ಎರಡನೇ ಸಂಗ್ರಹ

ಈ ಸಲ ವಾರ್ಡಿನಲ್ಲೇ ಮಾಡಿಸಿದರು. ಬೆಳಗ್ಗೆ ಆರಕ್ಕೆ ಪೂರ್ತಿ ಮೂತ್ರ ಮಾಡಿಸಿ ಅದನ್ನು ಚೆಲ್ಲಿ, ಗಡಿಯಾರ ನೋಡಿ ಸಮಯವನ್ನು ಕ್ಯಾನಿನ ಮೇಲೆ ಬರೆದರು. ಆಮೇಲಿನ ಪ್ರತಿ ಸಲದ್ದೂ ಕ್ಯಾನಿಗೆ. ಮಲವಿಸರ್ಜನೆಗೆ ಕೂರಿಸುವ ಮೊದಲು ಮೂತ್ರವನ್ನು ಪ್ರತ್ಯೇಕವಾಗಿ ಹಿಡಿದರು. ಕಳೆದುಹೋಗುವುದು ಹೆಚ್ಚಾಗಿ ಅಲ್ಲೇ. ಡೈಪರ್ ಹಾಕಲಿಲ್ಲ. ಮರುದಿನ ಆರಕ್ಕೆ ಸರಿಯಾಗಿ ಕೊನೆಯ ಸಲ ಮಾಡಿಸಿ ಅದನ್ನೂ ಸೇರಿಸಿ ಮುಚ್ಚಿದರು. ಸಕ್ಕರೆ ಕಾಯಿಲೆಯಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುವ ಸಂಭವವಿರುವುದರಿಂದ ಅಲ್ಟ್ರಾಸೌಂಡ್ ಇಟ್ಟು ನೋಡಿದರು; ಉಳಿದದ್ದು 40 ಮಿ.ಲೀ., ಲೆಕ್ಕ ಕೆಡಿಸುವಷ್ಟಲ್ಲ. ಕ್ಯಾನು ದಿನವಿಡೀ ತಣ್ಣಗಿನ ಜಾಗದಲ್ಲಿತ್ತು. ಲ್ಯಾಬಿನಲ್ಲಿ ಪ್ರಮಾಣ ಅಳೆದು, ಚೆನ್ನಾಗಿ ಕಲಕಿದ ಮೇಲೆಯೇ ಮಾದರಿ ತೆಗೆದರು. ರಕ್ತವನ್ನು ಅದೇ 24 ಗಂಟೆಯ ನಡುವೆ ತೆಗೆದರು. ಹಳೆಯ ವರದಿಯ ಕ್ರಿಯಾಟಿನಿನ್ನನ್ನು ಹೊಸ ಮೂತ್ರಕ್ಕೆ ಜೋಡಿಸುವ ಅಭ್ಯಾಸ ಹಲವೆಡೆ ಇದೆ, ಅದು ಬೇಡ.

ಇನ್ನೊಂದು ಸಣ್ಣ ವಿಷಯ. ರಕ್ತದ ಕ್ರಿಯಾಟಿನಿನ್ನನ್ನು ಎರಡು ದಶಮಾಂಶಕ್ಕೆ ಕೊಡಿ ಎಂದು ಕೇಳಿದರು. 0.9 ಎಂದು ಸುತ್ತುಗೂಡಿಸಿದ್ದು 0.85 ಇರಬಹುದು, 0.94 ಕೂಡ ಇರಬಹುದು, ಅಷ್ಟಕ್ಕೇ ಈ ರೋಗಿಯ ಕ್ಲಿಯರೆನ್ಸ್ 34ರಿಂದ 31ರವರೆಗೆ ಓಡಾಡುತ್ತದೆ. ಉತ್ತರ 0.90 ಎಂದೇ ಬಂತು. ವಿಧಾನ ಎನ್‌ಜೈಮ್ಯಾಟಿಕ್. ಹಳೆಯ ಜಾಫೆ ವಿಧಾನವಾದರೆ ಪ್ರೋಟೀನು, ಗ್ಲೂಕೋಸು, ಕೀಟೋನುಗಳೂ ಬಣ್ಣ ಕೊಟ್ಟು, ಕೆಳಗಿನ ಮಟ್ಟಗಳಲ್ಲಿ ಓದು ಮೇಲೇರಬಹುದು.

ಪ್ರಮಾಣ 1400 ಮಿ.ಲೀ., ಸಾಂದ್ರತೆ 30, ಒಟ್ಟು 420 ಮಿ.ಗ್ರಾಂ. ಕೆ.ಜಿ.ಗೆ ಸರಿಯಾಗಿ 10. ನಂಬಬಹುದಾದ ಅಂಕಿ. ಕ್ಲಿಯರೆನ್ಸ್ 32 ಮಿ.ಲೀ.

ಹಳೆಯ ತಪ್ಪಿನ ಗಾತ್ರವೂ ಇಲ್ಲಿ ತಾಳೆಯಾಗುತ್ತದೆ: 24 ಗಂಟೆಗೆ 420 ಆದರೆ ಮೂವತ್ತೇಳೂವರೆ ಗಂಟೆಗೆ 656. 0.9 ಎಂಬ ಅಂಕಿ ಏಕೆ ಯಾರನ್ನೂ ಎಚ್ಚರಿಸಲಿಲ್ಲ ಎಂಬುದಕ್ಕೂ ಈ 420ರಲ್ಲೇ ಉತ್ತರವಿದೆ. ದಿನಕ್ಕೆ ಕೆ.ಜಿ.ಗೆ 22 ಮಿ.ಗ್ರಾಂನಂತೆ ಉತ್ಪಾದಿಸುವ 70 ಕೆ.ಜಿ.ಯ ಯುವಕನಿಗೆ ಇದೇ 32ರ ಕ್ಲಿಯರೆನ್ಸ್ ಇದ್ದಿದ್ದರೆ ಅವನ ಸೀರಂ ಕ್ರಿಯಾಟಿನಿನ್ 3.3 ಇರುತ್ತಿತ್ತು. ವರದಿ ಕೆಂಪಕ್ಷರದಲ್ಲಿ ಬರುತ್ತಿತ್ತು.

32 ಕೂಡ ಸೋಸುವಿಕೆಯಲ್ಲ

ಹೀಗೆ ಉತ್ಪಾದನೆಯ ಕಡೆಯ ತೊಡಕು ಬಗೆಹರಿಯಿತು. ಸ್ರವಿಕೆಯದು ಉಳಿದಿತ್ತು. ಇದೇ ಕ್ಯಾನಿನ ಮೂತ್ರದಿಂದ ಯೂರಿಯಾ ಕ್ಲಿಯರೆನ್ಸನ್ನೂ ಲೆಕ್ಕ ಹಾಕಿದರು: ಮೂತ್ರದಲ್ಲಿ 700, ರಕ್ತದಲ್ಲಿ 40 ಮಿ.ಗ್ರಾಂ/ಡೆ.ಲೀ.; ಉತ್ತರ 17 ಮಿ.ಲೀ. ಯೂರಿಯಾದ ಸ್ವಭಾವ ಕ್ರಿಯಾಟಿನಿನ್‌ಗೆ ತದ್ವಿರುದ್ಧ. ಸೋಸಿದ್ದರಲ್ಲಿ ಒಂದು ಪಾಲನ್ನು ನಾಳಿಕೆ ವಾಪಸ್ ಹೀರುವುದರಿಂದ ಅದರ ಕ್ಲಿಯರೆನ್ಸ್ ಜಿಎಫ್‌ಆರ್‌ಗಿಂತ ಕೆಳಗಿರುತ್ತದೆ. ಒಂದು ಮೇಲಕ್ಕೆ ತಪ್ಪುತ್ತದೆ, ಒಂದು ಕೆಳಕ್ಕೆ. ಕಿಡ್ನಿ ಬಹಳ ಕುಸಿದವರಲ್ಲಿ ಎರಡರ ಸರಾಸರಿ ನಿಜವಾದ ಸೋಸುವಿಕೆಗೆ ಹತ್ತಿರ ಬರುತ್ತದೆ. ಇಲ್ಲಿ ಸರಾಸರಿ ಸುಮಾರು 25. ಈ ಉಪಾಯಕ್ಕೆ ಹೆಚ್ಚುವರಿ ಮಾದರಿ ಬೇಕಿಲ್ಲ, ಒಂದೇ ಕ್ಯಾನು ಸಾಕು. ಆದರೂ ಅಪರೂಪಕ್ಕೆ ಮಾತ್ರ ಬಳಸುತ್ತಾರೆ, ಏಕೋ.

ಜೊತೆಗೆ ರಕ್ತದಲ್ಲಿ ಸಿಸ್ಟಾಟಿನ್ ಸಿ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿದರು: ಲೀಟರಿಗೆ 1.7 ಮಿ.ಗ್ರಾಂ. ಇದು ಸ್ನಾಯುವನ್ನು ನೆಚ್ಚಿದ್ದಲ್ಲ; ದೇಹದ ಎಲ್ಲ ಜೀವಕೋಶಗಳಿಂದ ಬರುತ್ತದೆ. ಆದರೆ ಸ್ಟೀರಾಯ್ಡ್, ಥೈರಾಯ್ಡ್ ಏರುಪೇರು, ಉರಿಯೂತ, ಬೊಜ್ಜು, ಧೂಮಪಾನ ಇದನ್ನು ಅಲ್ಲಾಡಿಸುತ್ತವೆ. ಈ ರೋಗಿಯಲ್ಲಿ ಅವು ಯಾವುವೂ ಇರಲಿಲ್ಲ. ಸಿಸ್ಟಾಟಿನ್ ಸೂತ್ರದ ಉತ್ತರ 34. ರೋಗಿಯ ಮೈಗೆ ಇಳಿಸಿದರೆ 26 ಮಿ.ಲೀ. ಕ್ರಿಯಾಟಿನಿನ್ ಮತ್ತು ಸಿಸ್ಟಾಟಿನ್ ಎರಡನ್ನೂ ಸೇರಿಸಿದ ಸೂತ್ರ 48 ಎಂದಿತು, ಇಳಿಸಿದಾಗ 36. ಸಾಮಾನ್ಯವಾಗಿ ಈ ಜಂಟಿ ಸೂತ್ರವೇ ಹೆಚ್ಚು ನಿಖರ. ಆದರೆ ಎರಡರಲ್ಲಿ ಒಂದು ಇಷ್ಟು ವಾಲಿದೆ ಎಂದು ಗೊತ್ತಿರುವಾಗ ಸರಾಸರಿಯೂ ಆ ಕಡೆಗೇ ವಾಲುತ್ತದೆ. ತಂಡ ಅದನ್ನು ಬದಿಗಿಟ್ಟು ಸಿಸ್ಟಾಟಿನ್ ಒಂದನ್ನೇ ಹಿಡಿಯಿತು. ಸೋಸುವಿಕೆಯಿಂದಲೇ ಹೊರಹೋಗುವ ಅಯೋಹೆಕ್ಸಾಲ್ ಎಂಬ ವಸ್ತುವನ್ನು ಚುಚ್ಚಿ ನೇರವಾಗಿ ಅಳೆಯುವ ಆಲೋಚನೆ ಬಂದಿತ್ತು. ಡೋಸ್ ನಿರ್ಧಾರ ಅದರಿಂದ ಬದಲಾಗದೆಂದು ಕೈಬಿಟ್ಟರು.

ಡೋಸ್ ಹೀಗೆ ನಿಶ್ಚಯವಾಯಿತು. ಔಷಧಿಯ ಲೇಬಲ್ ಹೇಳುವುದು ಕ್ರಿಯಾಟಿನಿನ್ ಕ್ಲಿಯರೆನ್ಸ್ ಲೆಕ್ಕದಲ್ಲಿ, ಜಿಎಫ್‌ಆರ್ ಲೆಕ್ಕದಲ್ಲಲ್ಲ. 32ಕ್ಕೆ 400–1400ರ ಪಟ್ಟಿ ಅನ್ವಯಿಸುತ್ತದೆ. 30ರ ಕೆಳಗಾದರೆ 200–700, ಅದೂ ದಿನಕ್ಕೆ ಒಂದೇ ಸಲ. ಗಡಿಯ ಮೇಲೆ ನಿಂತ ರೋಗಿ. ಎರಡೂ ಪಟ್ಟಿಗೆ ಹೊಂದುವ ಜಾಗ 400ರಿಂದ 700. ಆದರೆ ವಿಷಲಕ್ಷಣ ಇನ್ನೂ ಇದ್ದುದರಿಂದ ಅದಕ್ಕಿಂತ ಕೆಳಗೆ, ರಾತ್ರಿ ಒಂದು ಹೊತ್ತು 300 ಮಿ.ಗ್ರಾಂಗೆ ತಂದು, ಲಕ್ಷಣ ತಗ್ಗಿದ ಮೇಲೆ ಬೇಕಾದರೆ 600ಕ್ಕೆ ಏರಿಸುವುದು ಎಂದಾಯಿತು. ಪೂರ್ತಿ ನಿಲ್ಲಿಸಲಿಲ್ಲ; ಥಟ್ಟನೆ ಬಿಟ್ಟರೆ ಚಡಪಡಿಕೆ, ಕೆಲವೊಮ್ಮೆ ಫಿಟ್ಸ್ ಬರುವುದುಂಟು. ನಾಲ್ಕನೇ ದಿನಕ್ಕೆ ಕೈ ಎಗರುವುದು ನಿಂತಿತು. ವಾರದೊಳಗೆ ಚಮಚ ಹಿಡಿದು ತಾವೇ ಊಟ ಮಾಡಿದರು.

ಮಧ್ಯೆ ಒಂದು ಉಪಕಥೆ. ಮೂತ್ರದಲ್ಲಿ ಎಷ್ಟು ಆಲ್ಬುಮಿನ್ ಪ್ರೋಟೀನು ಸೋರುತ್ತಿದೆ ಎಂದು ತೋರಿಸುವ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 210 ಎಂದಿತ್ತು. ಓದಿದವರಿಗೆ ದಿನಕ್ಕೆ 210 ಮಿ.ಗ್ರಾಂ ಆಲ್ಬುಮಿನ್ ಹೋಗುತ್ತಿದೆ ಎನಿಸುತ್ತದೆ. ಆದರೆ ಆ ಅನುಪಾತ ಒಂದು ಗ್ರಾಂ ಕ್ರಿಯಾಟಿನಿನ್‌ಗೆ. ಇವರು ದಿನಕ್ಕೆ ಹೊರಹಾಕುವುದು 0.42 ಗ್ರಾಂ ಮಾತ್ರ. ನಿಜವಾಗಿ ಹೋಗುತ್ತಿದ್ದದ್ದು 88 ಮಿ.ಗ್ರಾಂ. ಸ್ನಾಯು ಕರಗಿದವರಲ್ಲಿ ಒಂದೇ ಕ್ರಿಯಾಟಿನಿನ್ ರಕ್ತದ ವರದಿಯಲ್ಲಿ ಕಾಯಿಲೆಯನ್ನು ಮುಚ್ಚಿಡುತ್ತದೆ, ಮೂತ್ರದ ವರದಿಯಲ್ಲಿ ಹಿಗ್ಗಿಸಿ ತೋರಿಸುತ್ತದೆ.

ಟ್ರೈಮೆಥೊಪ್ರಿಮ್ ತೋರಿಸಿಕೊಟ್ಟದ್ದು

ಬಿಡುಗಡೆಯ ತಯಾರಿಯಲ್ಲಿದ್ದಾಗ ಮೂತ್ರದ ಸೋಂಕು ಕಾಣಿಸಿತು. ಕಲ್ಚರ್ ನೋಡಿ ಟ್ರೈಮೆಥೊಪ್ರಿಮ್-ಸಲ್ಫಾಮೆಥಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಜೋಡಿ ಕೊಟ್ಟರು, ಸೋಸುವಿಕೆ 25 ಎಂದು ಹಿಡಿದು ಅರ್ಧ ಡೋಸ್. ನಾಲ್ಕನೇ ದಿನ ಕ್ರಿಯಾಟಿನಿನ್ 1.2. ಮುದ್ರಿತ ಇಜಿಎಫ್‌ಆರ್ 68ರಿಂದ 48ಕ್ಕೆ ಬಿದ್ದಿತು. ರಾತ್ರಿ ಪಾಳಿಯವರು ತೀವ್ರ ಕಿಡ್ನಿ ಹಾನಿ ಎಂದು ಬರೆದು, ಡ್ರಿಪ್ ಹಾಕಲು, ಗಾಬಾಪೆಂಟಿನ್ ನಿಲ್ಲಿಸಲು ಸೂಚಿಸಿದ್ದರು.

ಬೆಳಗ್ಗೆ ಮರುಪರಿಶೀಲಿಸಿದಾಗ ಯೂರಿಯಾ 41, ಸಿಸ್ಟಾಟಿನ್ ಸಿ 1.7. ಎರಡೂ ಅಲ್ಲಾಡಿರಲಿಲ್ಲ. ಮೂತ್ರದ ಪ್ರಮಾಣ ಹಾಗೇ ಇತ್ತು. ಏರಿಕೆ 0.3 ಆಗಿದ್ದರೂ ನಾಲ್ಕು ದಿನಗಳಲ್ಲಿ. ಕೆಡಿಐಜಿಒ ಎಂಬ ಅಂತಾರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಸಂಸ್ಥೆಯ ಮಾನದಂಡದಂತೆ, ತೀವ್ರ ಹಾನಿ ಎನ್ನಲು 0.3ರ ಏರಿಕೆ 48 ಗಂಟೆಯೊಳಗೆ ಆಗಬೇಕು, ಅಥವಾ ಏಳು ದಿನದೊಳಗೆ ಒಂದೂವರೆ ಪಟ್ಟಾಗಬೇಕು. ಇಲ್ಲಿ ಆದದ್ದು 1.33 ಪಟ್ಟು. ಮಾನದಂಡ ಸ್ವಲ್ಪದರಲ್ಲಿ ತಪ್ಪಿತು ಎನ್ನುವುದಕ್ಕಿಂತ ಯೂರಿಯಾ ಮತ್ತು ಸಿಸ್ಟಾಟಿನ್ ಕದಲಲಿಲ್ಲ ಎಂಬುದೇ ಬಲವಾದ ಸಾಕ್ಷಿ.

ಟ್ರೈಮೆಥೊಪ್ರಿಮ್ ಮಾಡುವುದು ಇಷ್ಟು: ನಾಳಿಕೆಯ ಕೋಶದಲ್ಲಿ ಕ್ರಿಯಾಟಿನಿನ್ ಸಾಗಿಸುವ ಅದೇ ಓಸಿಟಿ2, ಮೇಟ್ ಪ್ರೋಟೀನುಗಳ ದಾರಿಗೆ ಅಡ್ಡ ನಿಲ್ಲುತ್ತದೆ. ಸ್ರವಿಕೆ ತಗ್ಗುತ್ತದೆ, ಸೋಸುವಿಕೆ ಹಾಗೇ ಇರುತ್ತದೆ. ಸಿಮೆಟಿಡಿನ್, ಡೊಲುಟೆಗ್ರಾವಿರ್, ಕೊಬಿಸಿಸ್ಟಾಟ್ ಎಂಬ ಔಷಧಿಗಳು ಮಾಡುವುದೂ ಇದನ್ನೇ. ಸ್ರವಿಕೆಯನ್ನು ಬೇಕೆಂದೇ ಕಟ್ಟಿಹಾಕಿ, ಕ್ರಿಯಾಟಿನಿನ್ ಕ್ಲಿಯರೆನ್ಸನ್ನು ಜಿಎಫ್‌ಆರ್‌ಗೆ ಹತ್ತಿರ ತರಲು ಸಿಮೆಟಿಡಿನ್ ಕೊಟ್ಟು ಅಳೆಯುವ ವಿಧಾನವೂ ಇದೆ.

ಹೇಗೂ ರೋಗಿ ವಾರ್ಡಿನಲ್ಲಿದ್ದಾರೆ, ಸ್ರವಿಕೆ ತಾನಾಗಿ ಕಟ್ಟಿದೆ ಎಂದು ಇನ್ನೊಂದು ಸಂಗ್ರಹ ಮಾಡಿಸಿದರು. ಒಟ್ಟು ಕ್ರಿಯಾಟಿನಿನ್ 412 ಮಿ.ಗ್ರಾಂ, ಹಿಂದಿನ 420ಕ್ಕೆ ಸಮವೆನ್ನಬಹುದು; ಅಂದರೆ ಸಂಗ್ರಹ ಸರಿಯಾಗಿದೆ, ರಕ್ತದ ಮಟ್ಟವೂ ಏರಿ ನಿಂತಿದೆ. ಕ್ಲಿಯರೆನ್ಸ್ = 41200 ÷ (1.2 × 1440), ಸುಮಾರು 24 ಮಿ.ಲೀ. ಯೂರಿಯಾ-ಕ್ರಿಯಾಟಿನಿನ್ ಸರಾಸರಿಯ 25, ಸಿಸ್ಟಾಟಿನ್ನಿನ 26 ಇವುಗಳ ಪಕ್ಕಕ್ಕೇ ಬಂದು ನಿಂತಿತು.

ಈಗ ದಿನದ ಜಮಾಖರ್ಚನ್ನು ಬರೆಯಬಹುದಾಗಿತ್ತು. ಟ್ರೈಮೆಥೊಪ್ರಿಮ್ ಇಲ್ಲದ ದಿನ, ರಕ್ತದಲ್ಲಿ 0.9 ಇದ್ದಾಗ, ನಿಮಿಷಕ್ಕೆ 24 ಮಿ.ಲೀ. ಸೋಸುವಿಕೆಯಿಂದ ಮೂತ್ರಕ್ಕಿಳಿಯುವ ಕ್ರಿಯಾಟಿನಿನ್ 311 ಮಿ.ಗ್ರಾಂ. ಹೊರಬಿದ್ದದ್ದು 420. ಉಳಿದ 109 ಮಿ.ಗ್ರಾಂ ನಾಳಿಕೆಗಳು ಸ್ರವಿಸಿದ್ದು, ಒಟ್ಟಿನ ಕಾಲು ಭಾಗಕ್ಕೂ ಮಿಕ್ಕಿ. ವಾಡಿಕೆಯ ಡೋಸಿನಲ್ಲಿ ಟ್ರೈಮೆಥೊಪ್ರಿಮ್ ಸ್ರವಿಕೆಯನ್ನು ಪೂರ್ತಿ ನಿಲ್ಲಿಸುವುದಿಲ್ಲ, ಇಲ್ಲಿ ಕೊಟ್ಟದ್ದು ಅದರ ಅರ್ಧ. ಹಾಗಾಗಿ ಈ ಪಾಲನ್ನು ಕನಿಷ್ಠವೆಂದೇ ತಿಳಿಯಬೇಕು.

ಔಷಧಿಯನ್ನು ಕೊನೆಗೆ ಬದಲಿಸಿದರು, ಆದರೆ ಕ್ರಿಯಾಟಿನಿನ್ ಕಾರಣಕ್ಕಲ್ಲ. ಪೊಟ್ಯಾಸಿಯಂ 4.6ರಿಂದ 5.3ಕ್ಕೆ ಏರಿತ್ತು. ಟ್ರೈಮೆಥೊಪ್ರಿಮ್ ನಾಳಿಕೆಯ ಕೊನೆಯ ಭಾಗದ ಸೋಡಿಯಂ ದಾರಿಯನ್ನೂ ಮುಚ್ಚಿ ಪೊಟ್ಯಾಸಿಯಂ ಹೊರಹೋಗದಂತೆ ಮಾಡುತ್ತದೆ. ಇದು ತೋರಿಕೆಯ ಏರಿಕೆಯಲ್ಲ, ನಿಜವಾದ ಅಪಾಯ. ಕ್ರಿಯಾಟಿನಿನ್ ನೋಡಿ ಗಾಬರಿಯಾದ ಟಿಪ್ಪಣಿಯಲ್ಲಿ ಪೊಟ್ಯಾಸಿಯಂ ಉಲ್ಲೇಖವೇ ಇರಲಿಲ್ಲ. ಡ್ರಿಪ್ ತೆಗೆಸಿದರು, ಗಾಬಾಪೆಂಟಿನ್ 300 ಹಾಗೇ ಮುಂದುವರಿಯಿತು. ವಾರದ ಮೇಲೆ ಕ್ರಿಯಾಟಿನಿನ್ 0.9ಕ್ಕೆ ಮರಳಿತು.

ಬಿಡುಗಡೆ ಪತ್ರ ಮತ್ತು ಆಮೇಲೆ

ಬಿಡುಗಡೆ ಪತ್ರದಲ್ಲಿ "ಕ್ರಿಯಾಟಿನಿನ್ 0.9, ನಾರ್ಮಲ್" ಎಂದು ಬರೆಯುವ ಬದಲು ಇಷ್ಟನ್ನು ದಾಖಲಿಸಿದರು: ಸೋಸುವಿಕೆ ನಿಮಿಷಕ್ಕೆ 24ರಿಂದ 26 ಮಿ.ಲೀ., ಅಳೆದ ಕ್ರಿಯಾಟಿನಿನ್ ಕ್ಲಿಯರೆನ್ಸ್ 32, ದಿನದ ಕ್ರಿಯಾಟಿನಿನ್ 420 ಮಿ.ಗ್ರಾಂ, ಸಿಸ್ಟಾಟಿನ್ ಸಿ 1.7. ಯಂತ್ರ ಮುದ್ರಿಸುವ ಇಜಿಎಫ್‌ಆರ್ ಈ ರೋಗಿಗೆ ಅನ್ವಯಿಸದು ಎಂದು ಕೆಳಗೆ ಗೆರೆ ಎಳೆದು ಬರೆದರು. ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ನಿಲ್ಲಿಸಿದರು, ಸೋಸುವಿಕೆ 30ರ ಕೆಳಗಿದ್ದರೆ ಅದು ನಿಷಿದ್ಧ, 68 ಎಂಬ ಅಂಕಿಯ ನೆರಳಿನಲ್ಲಿ ಅದೂ ಪೂರ್ತಿ ಡೋಸಿನಲ್ಲಿ ನಡೆದುಕೊಂಡು ಬಂದಿತ್ತು. ನೋವಿಗೆ ಐಬುಪ್ರೊಫೆನ್ ಜಾತಿಯ ಗುಳಿಗೆ ಬೇಡವೆಂದು ಮನೆಯವರಿಗೆ ತಿಳಿಸಿ ಹೇಳಿದರು. ಲ್ಯಾಬಿನವರು ಕ್ಯಾನಿನ ಚೀಟಿಗೆ ಎರಡು ಸಾಲು ಸೇರಿಸಿದರು: "ಮೊದಲ ಮೂತ್ರ ಚೆಲ್ಲಿದ ಸಮಯ", "ಕೊನೆಯ ಮೂತ್ರ ಸೇರಿಸಿದ ಸಮಯ". ವರದಿಯಲ್ಲಿ ಕ್ಲಿಯರೆನ್ಸ್‌ನ ಮೇಲಿನ ಸಾಲಿನಲ್ಲಿ ಕೆ.ಜಿ.ಗೆ ಎಷ್ಟು ಮಿ.ಗ್ರಾಂ ಎಂಬುದೂ ಬರತೊಡಗಿತು.

ಫಿಸಿಯೋಥೆರಪಿ ಶುರುವಾದ ಮೂರು ತಿಂಗಳಿಗೆ ಕ್ರಿಯಾಟಿನಿನ್ 1.0 ಬಂತು. ಸಿಸ್ಟಾಟಿನ್ ಸಿ 1.7ರಲ್ಲೇ ಇತ್ತು. ವಾಕರ್ ಬಿಟ್ಟು ಕೋಲು ಹಿಡಿದಿದ್ದರು, ತೊಡೆಯ ಸುತ್ತಳತೆ ಹೆಚ್ಚಿತ್ತು. 24 ಗಂಟೆಯ ಕ್ರಿಯಾಟಿನಿನ್ 467 ಮಿ.ಗ್ರಾಂ, ಕ್ಲಿಯರೆನ್ಸ್ ಮತ್ತೆ 32. ಏರಿದ 0.1 ಕಿಡ್ನಿಯದಲ್ಲ, ಸ್ನಾಯುವಿನದು. ಗಾಬಾಪೆಂಟಿನ್ ಡೋಸ್ ಬದಲಿಸಲಿಲ್ಲ.